ಸೋವಿ ಫೋನಿನ ಪರೀಕ್ಷೆ

ನ್ಯಾಯಶಾಸ್ತ್ರದ ಬಾಗಿಲನ್ನು ತಟ್ಟಿದವರಿಗೆ ಉದ್ದೇಶ, ಲಕ್ಷಣ, ಪರೀಕ್ಷೆ ಎಂಬ ಮೂರು ಮೆಟ್ಟಿಲುಗಳು ಪರಿಚಿತವಾಗಿರುತ್ತವೆ. ಮೊದಲು ಪದಾರ್ಥದ ಹೆಸರನ್ನು ಹೇಳತಕ್ಕದ್ದು. ಬಳಿಕ ಅದನ್ನು ಇತರ ಪದಾರ್ಥಗಳಿಂದ ಬೇರ್ಪಡಿಸುವ ಗುರುತನ್ನು ಹೇಳತಕ್ಕದ್ದು. ಕೊನೆಗೆ ಆ ಗುರುತು ಅದಕ್ಕೆ ಒಪ್ಪುವದೋ ಇಲ್ಲವೋ ಎಂಬದನ್ನು ಒರೆಗೆ ಹಚ್ಚತಕ್ಕದ್ದು. ಅಂಗಡಿಯಲ್ಲಿ ಫೋನು ಕೊಳ್ಳುವವರು ಮಾತ್ರ ಹೆಸರನ್ನು ಕೇಳಿದೊಡನೆ ಹಣದ ಚೀಲಕ್ಕೆ ಕೈ ಹಾಕುತ್ತಾರೆ. ಎತ್ತಿನ ಹಲ್ಲನ್ನೂ ಸೀರೆಯ ಸೆರಗನ್ನೂ ಅಷ್ಟು ತಿರುವಿ ನೋಡುವ ನಮ್ಮ ಜನ ಇದೊಂದು ವಸ್ತುವಿನಲ್ಲಿ ಹೀಗೇಕೆ ಮೈಮರೆಯುತ್ತಾರೋ! ಆದುದರಿಂದ ಸೋವಿ ಬೆಲೆಯ ಆಂಡ್ರಾಯ್ಡ್ ಫೋನನ್ನು ಹೇಗೆ ಪರೀಕ್ಷಿಸಬೇಕೆಂಬ ವಿಷಯದಲ್ಲಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವದು ಅಪ್ರಸ್ತುತವಾಗಲಾರದು.

ನಾವಿರುವ ಬಾಡಗಂಡಿಯು ಬೀಳಗಿ ತಾಲೂಕಿನ ಊರು. ಕಬ್ಬಿನ ಬಿಲ್ಲು ಬ್ಯಾಂಕಿನಲ್ಲಿ ಜಮೆಯಾದ ಸುದ್ದಿ ಇಲ್ಲಿ ಈಗ ಓಲೆಕಾರನಿಂದ ಬರುವದಿಲ್ಲ, ಫೋನಿನಲ್ಲಿ ಬರುತ್ತದೆ. ರಬಕವಿ-ಬನಹಟ್ಟಿಯ ನೇಕಾರನು ಸೀರೆಯ ಬಣ್ಣವನ್ನು ವ್ಯಾಪಾರಿಗೆ ತೋರಿಸುವದು ಅದರಲ್ಲಿಯೇ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಬಂದಿತೋ ಇಲ್ಲವೋ ಎಂದು ಮನೆಯ ಯಜಮಾನಿತಿಯು ನೋಡುವದೂ ಅದರಲ್ಲಿಯೇ. ಹೀಗಿರಲು ಫೋನನ್ನು ಭೋಗವಸ್ತುವೆಂದು ಹಳಿಯುವ ಕಾಲ ಹಿಂದಾಯಿತು. ಅದು ಬೀಸುವ ಕಲ್ಲಿನಂತೆ ಮನೆಯ ಉಪಕರಣವಾಗಿದೆ. ಉಪಕರಣವನ್ನು ಉಪಕರಣದಂತೆಯೇ ಆರಿಸಬೇಕು.

ಈ ವಸ್ತುವಿಲ್ಲದ ಮನೆಯ ಗತಿಯೇನೆಂಬದನ್ನು ಶಿಕ್ಷಕರಾದ ನಾವು 2020ರಲ್ಲಿ ಕಣ್ಣಾರೆ ಕಂಡೆವು. ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಸರಕಾರವು ಆ ವರ್ಷದ ಆಗಸ್ಟಿನಲ್ಲಿ ವಿದ್ಯಾಗಮವೆಂಬ ಕಾರ್ಯಕ್ರಮವನ್ನು ತಂದಿತು. ಅದರಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಬೇಕಾಗಿತ್ತು: ಅಂತರ್ಜಾಲವುಳ್ಳ ಫೋನು ಇದ್ದವರು, ಬರಿಯ ಮಾತಿನ ಫೋನು ಇದ್ದವರು, ಯಾವದೂ ಇಲ್ಲದವರು. ಅದುವರೆಗೆ ಮಕ್ಕಳನ್ನು ಇಯತ್ತೆಯಿಂದ ಗುರುತಿಸಿದ ನಮಗೆ ತಂದೆಯ ಕಿಸೆಯಿಂದ ಗುರುತಿಸುವ ಪ್ರಸಂಗ ಬಂದಿತು. ದೂರದರ್ಶನದ ಚಂದನ ವಾಹಿನಿಯು ಜುಲೈ 20ರಿಂದಲೇ ಸಂವೇದ ಪಾಠಗಳನ್ನು ಬಿತ್ತರಿಸುತ್ತಿದ್ದುದು ದೊಡ್ಡ ಉಪಕಾರವಾಯಿತು. ಆದರೂ ಒಂದೇ ಫೋನಿದ್ದ ಮನೆಯಲ್ಲಿ ಅದು ಅಣ್ಣನ ಕೈಯಲ್ಲಿ ಉಳಿಯುತ್ತಿತ್ತು. ತಂಗಿಯು ಪಕ್ಕದಲ್ಲಿ ಕುಳಿತು ಇಣುಕುತ್ತಿದ್ದಳು. ಸೋವಿ ಫೋನಿನ ಪ್ರಶ್ನೆಯನ್ನು ನಾವು ಹಗುರಾಗಿ ಎಣಿಸದಿರುವದಕ್ಕೆ ಆ ತಂಗಿಯೇ ಕಾರಣಳು.

ಇನ್ನು ಲಕ್ಷಣಕ್ಕೆ ಬರೋಣ. ನಮ್ಮ ದೇಶದಲ್ಲಿ ಬಡವರ ಸಲುವಾಗಿಯೇ ಎಂದು ಸಾರಿ ಹೊರಟ ಆಂಡ್ರಾಯ್ಡ್ ಫೋನುಗಳಲ್ಲಿ ಜಿಯೋಫೋನ್ ನೆಕ್ಸ್ಟ್ ಪ್ರಸಿದ್ಧವಾದುದು. ಜಿಯೋ ಮತ್ತು ಗೂಗಲ್ ಸಂಸ್ಥೆಗಳು ಕೂಡಿ ಮಾಡಿದ ಇದನ್ನು 2021ರ ಜೂನಿನಲ್ಲಿ ಘೋಷಿಸಿದರು. ಗಣೇಶ ಚತುರ್ಥಿಗೆ ಬರಬೇಕಾದುದು, ಜಗತ್ತಿನಲ್ಲೆಲ್ಲ ಚಿಪ್ಪುಗಳ ಅಭಾವವಾದುದರಿಂದ, ನವೆಂಬರ್ 4ರ ದೀಪಾವಳಿಗೆ ಬಂದಿತು. ಬೆಲೆ 6,499 ರೂಪಾಯಿ. ಐದೂವರೆ ಇಂಚಿಗೆ ತುಸು ಕಡಿಮೆಯಾದ ಪರದೆ, 2 ಜಿಬಿ ಕೆಲಸದ ನೆನಪು, 32 ಜಿಬಿ ಸಂಗ್ರಹ, 3,500 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ. ಬ್ಯಾಟರಿಯನ್ನು ಹಿಂಬದಿಯ ಮುಚ್ಚಳ ತೆಗೆದು ಕೈಯಿಂದಲೇ ಬದಲಿಸಬಹುದಾಗಿತ್ತು. ತುಟ್ಟಿಯ ಫೋನುಗಳಲ್ಲಿಯೂ ಇಲ್ಲದ ಈ ಸೌಕರ್ಯವನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಎರಡು ನೆನಪುಗಳೆಂದರೇನೆಂದು ಗೃಹಿಣಿಯರು ಕೇಳಬಹುದು. ಸಂಗ್ರಹವೆಂದರೆ ಕಣಜ, ಕೆಲಸದ ನೆನಪೆಂದರೆ ಅಡಿಗೆಯ ಕಟ್ಟೆ. ಕಣಜವು ಎಷ್ಟು ದೊಡ್ಡದಿದ್ದರೂ ಕಟ್ಟೆಯು ಗೇಣುದ್ದವಿದ್ದರೆ ಒಂದು ಪಾತ್ರೆಯನ್ನು ಇಳಿಸದೆ ಇನ್ನೊಂದನ್ನು ಇಡಲಾಗುವದಿಲ್ಲ. 2 ಜಿಬಿಯ ಫೋನಿನ ಸ್ಥಿತಿಯು ಇದೇ. ಇಂಥ ಸಣ್ಣ ಕಟ್ಟೆಗಳಿಗಾಗಿಯೇ ಗೂಗಲ್ಲು 2017ರಲ್ಲಿ ಆಂಡ್ರಾಯ್ಡ್ ಗೋ ಎಂಬ ಹಗುರಾದ ರೂಪವನ್ನು ಹೊರಡಿಸಿತು. 2022ರಲ್ಲಿ ಅದರ 13ನೆಯ ಆವೃತ್ತಿಯು ಬಂದಾಗ ಆ ಹಗುರಾದ ರೂಪಕ್ಕೂ 2 ಜಿಬಿಗಿಂತ ಕಡಿಮೆ ಸಾಲದೆಂದಾಯಿತು. ಕಣಜದ ಮಾತೆಂದರೆ, ಅದರಲ್ಲಿ ಒಂದು ಪಾಲು ಯಂತ್ರದ ಸ್ವಂತ ವ್ಯವಸ್ಥೆಗೇ ಹೋಗುತ್ತದೆ. ಉಳಿದುದನ್ನು ಬೆಳಗಾದರೆ ಕಮಲದ ಹೂವು, ದೀಪ, ಶುಭೋದಯಗಳ ಚಿತ್ರಗಳನ್ನು ಕಳಿಸುವ ನೆಂಟರು ತುಂಬಿಸುತ್ತಾರೆ. ಅವರ ಪ್ರೀತಿಯನ್ನು ವಾರಕ್ಕೊಮ್ಮೆಯಾದರೂ ಅಳಿಸಿಹಾಕುವದು ಅನಿವಾರ್ಯ.

ಬೆಲೆಯ ಲೆಕ್ಕವನ್ನು ತುಸು ವಿಸ್ತರಿಸಿ ಹೇಳಬೇಕಾಗಿದೆ. ಮೇಲೆ ಹೇಳಿದ ಫೋನನ್ನು ಕಂತಿನ ಮೇಲೆಯೂ ಕೊಡುತ್ತಿದ್ದರು. ಮೊದಲು 1,999 ರೂಪಾಯಿ, ಕಾಗದಪತ್ರದ ಖರ್ಚೆಂದು 501, ಬಳಿಕ ಎಲ್ಲಕ್ಕಿಂತ ಸಣ್ಣ ಕಂತಿನಲ್ಲಿ ತಿಂಗಳಿಗೆ 300ರಂತೆ 24 ತಿಂಗಳು. ಕೂಡಿಸಿದರೆ 9,700 ಆಗುತ್ತದೆ. ಇದನ್ನು ಕೇಳಿದೊಡನೆ ಲೂಟಿಯೆಂದು ಕೂಗತಕ್ಕದ್ದಲ್ಲ. ಯಾಕಂದರೆ ಆ ಕಂತಿನಲ್ಲಿ ತಿಂಗಳಿಗೆ 5 ಜಿಬಿ ಅಂತರ್ಜಾಲವೂ 100 ನಿಮಿಷಗಳ ಮಾತೂ ಸೇರಿದ್ದವು. ಆದರೆ 100 ನಿಮಿಷವೆಂದರೆ ದಿನಕ್ಕೆ ಮೂರು ನಿಮಿಷ ಚಿಲ್ಲರೆ. ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟ ತಾಯಿಗೆ ಮೂರು ನಿಮಿಷವು ಕುಶಲಪ್ರಶ್ನೆಗೇ ಸಾಲದು. ಹೆಚ್ಚು ಮಾತು ಬೇಕೆಂದರೆ ದೊಡ್ಡ ಕಂತು. ತಿಂಗಳಿಗೆ 500ರ ಕಂತನ್ನು ಹಿಡಿದರೆ ಎರಡು ವರ್ಷಕ್ಕೆ 14,500 ಆಗುತ್ತಿತ್ತು. ಇದಲ್ಲದೆ ಈ ಫೋನಿನಲ್ಲಿ ಅಂತರ್ಜಾಲವು ಆ ಸಂಸ್ಥೆಯ ಸಿಮ್ಮಿನಿಂದಲೇ ಬರಬೇಕು. ಹೊಲದಲ್ಲಿ ಯಾವ ಸಂಸ್ಥೆಯ ಅಲೆ ಚೆನ್ನಾಗಿ ಸಿಗುವದೆಂಬದನ್ನು ನೋಡಿಕೊಳ್ಳದೆ ಇಂಥ ಕಟ್ಟಿಗೆ ಬೀಳುವದು, ನೀರು ನೋಡದೆ ಪಂಪು ಕೊಂಡಂತೆಯೇ ಸರಿ.

ಕಂತಿಲ್ಲದೆ ರೊಕ್ಕ ಕೊಟ್ಟು ಕೊಂಡವರಿಗಾದರೂ ಖರ್ಚು ಮುಗಿಯುವದಿಲ್ಲ. ಮುಂಗಡ ಹಣ ತುಂಬುವ ಪದ್ಧತಿಯಲ್ಲಿ ತಿಂಗಳೆಂದರೆ ಬಹುಮಟ್ಟಿಗೆ 28 ದಿನ. ಪಂಚಾಂಗದಲ್ಲಿ ಅಧಿಕಮಾಸವು ಎರಡೂವರೆ ವರ್ಷಕ್ಕೊಮ್ಮೆ ಬಂದರೆ, ಈ ಕಂಪನಿಗಳ ಪಂಚಾಂಗದಲ್ಲಿ ಪ್ರತಿವರ್ಷವೂ ಬರುತ್ತದೆ. ಹನ್ನೆರಡಕ್ಕೆ ಬದಲಾಗಿ ಹದಿಮೂರು ಸಲ ತುಂಬಬೇಕು. 2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 30 ದಿನಗಳದೂ ಪ್ರತಿತಿಂಗಳು ಅದೇ ತಾರೀಖಿಗೆ ಬರುವಂಥದೂ ಒಂದೊಂದಾದರೂ ಇರಲೇಬೇಕೆಂದು ಆಜ್ಞೆ ಮಾಡಿತು. ಅಂಗಡಿಯಲ್ಲಿ ಕೇಳಿದವರಿಗೆ ಮಾತ್ರ ಅದು ಸಿಗುತ್ತದೆ. 2024ರ ಜುಲೈಯಲ್ಲಿ ದರಗಳು ಏರಿದಾಗ ಜಿಯೋದ 155 ರೂಪಾಯಿಯ 28 ದಿನಗಳ ಯೋಜನೆಯು 189ಕ್ಕೆ ಹೋಯಿತು. ಆ ದರದಿಂದ ಹದಿಮೂರು ಸಲಕ್ಕೆ 2,457. ಮೂರು ವರ್ಷಕ್ಕೆ 7,371. ಅಂದರೆ 6,499ರ ಫೋನಿಗಿಂತ ಅದರ ಮೇವೇ ತುಟ್ಟಿಯಾಯಿತು.

ಮೇವು ಹಾಕದಿದ್ದರೇನಾಗುವದು? ಇಲ್ಲಿಯೇ ಸಂಸಾರಸ್ಥರು ಎಚ್ಚರ ವಹಿಸಬೇಕಾದ ಸ್ಥಳವಿದೆ. 90 ದಿನ ಬಳಕೆಯಿಲ್ಲದ, ಖಾತೆಯಲ್ಲಿ 20 ರೂಪಾಯಿಯೂ ಉಳಿಯದ ನಂಬರನ್ನು ಸಂಸ್ಥೆಯು ನಿಲ್ಲಿಸಬಹುದು. ನಿಲ್ಲಿಸಿದ ಮೇಲೆ ಮತ್ತೆ 90 ದಿನ ಕಳೆದರೆ ಅದನ್ನು ಬೇರೊಬ್ಬರಿಗೆ ಕೊಡಲೂ ಬಹುದು. 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಈ ಸಂಗತಿಯು ಸ್ಪಷ್ಟವಾಯಿತು. ಬ್ಯಾಂಕಿನ ಪುಸ್ತಕಕ್ಕೂ ಆಧಾರಕ್ಕೂ ಅದೇ ನಂಬರು ಜೋಡಿಸಿದ್ದರೆ ಮುದುಕಿಯ ಓಟಿಪಿಯು ಕಾಣದ ಊರಿನ ಕಾಣದ ಮನುಷ್ಯನ ಅಂಗೈಯಲ್ಲಿ ಬೆಳಗುತ್ತದೆ. 2024ರ ಡಿಸೆಂಬರಿನಲ್ಲಿ ಅದೇ ಪ್ರಾಧಿಕಾರವು, ಅಂತರ್ಜಾಲ ಬೇಡವಾದವರಿಗೆ ಮಾತು ಮತ್ತು ಸಂದೇಶಗಳಷ್ಟೇ ಇರುವ ಯೋಜನೆಗಳನ್ನು ಕೊಡಬೇಕೆಂದೂ ಅವುಗಳ ಅವಧಿಯು 365 ದಿನಗಳವರೆಗೆ ಇರಬಹುದೆಂದೂ ನಿಯಮ ಮಾಡಿತು. ವಯಸ್ಸಾದವರಿಗೆ ಇದು ಬಹಳ ಅನುಕೂಲ. ಇದನ್ನೂ ಬಾಯಿಬಿಟ್ಟು ಕೇಳಬೇಕು.

ಈಗ ಕನ್ನಡದ ಪರೀಕ್ಷೆ. ಮಾರುವ ಫೋನುಗಳಲ್ಲಿ ಭಾರತದ ಭಾಷೆಗಳನ್ನು ಓದುವ ಸೌಕರ್ಯವಿರಬೇಕೆಂದು 2016ರಲ್ಲಿಯೇ ಸರಕಾರವು ಮಾನಕವನ್ನು ಗೊತ್ತುಮಾಡಿದೆ. ಆದುದರಿಂದ ಅಕ್ಷರವು ಕಾಣುವದೇ ಎಂಬದು ಈಗ ಪ್ರಶ್ನೆಯಲ್ಲ. ಬರೆಯಲು ಬರುವದೇ, ಕೇಳಿಸಿಕೊಳ್ಳುವದೇ ಎಂಬದೇ ಪ್ರಶ್ನೆ. ಅಂಗಡಿಯವನಿಗೆ "ಸ್ವಾತಂತ್ರ್ಯ" ಎಂಬ ಒಂದು ಶಬ್ದವನ್ನು ಬರೆದು ತೋರಿಸೆನ್ನಿರಿ. ಒತ್ತಿನ ಮೇಲೊತ್ತು ಬರುವ ಆ ಶಬ್ದದಲ್ಲಿ ಕೀಲಿಮಣೆಯ ಗುಣವೂ ಅಂಗಡಿಯವನ ಗುಣವೂ ಕೂಡಿಯೇ ಹೊರಬೀಳುತ್ತವೆ. ಓದಲು ಬಾರದವರಿಗಂತೂ ದನಿಯೇ ಆಧಾರ. ಜಿಯೋಫೋನ್ ನೆಕ್ಸ್ಟಿನಲ್ಲಿ ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿಸುವ, ಅನುವಾದಿಸುವ ಗುಂಡಿಗಳನ್ನು ಎದುರಿಗೇ ಇಟ್ಟಿದ್ದುದು ಅದರ ನಿಜವಾದ ಹೆಚ್ಚುಗಾರಿಕೆಯೆಂದು ನಮ್ಮ ಮತ.

ನಾವು ಬೇರೊಂದು ಸೋವಿ ಯಂತ್ರವನ್ನು ನೆರೆಮನೆಯ ಅಜ್ಜಿಯ ಕೈಗೆ ಕೊಟ್ಟು ನೋಡಿದೆವು. ಅದರ ಹೆಸರು ಇಲ್ಲಿ ಬೇಡ. ಅಜ್ಜಿಯು "ಕಬ್ಬಿನ ಬಿಲ್ಲ ಬಂದೈತೇನ ನೋಡವಾ" ಎಂದಳು. ಯಂತ್ರವು ಬಹಳ ಹೊತ್ತು ಚಿಂತಿಸಿ ಬಿಲ್ಲು-ಬಾಣಗಳ ಚಿತ್ರಗಳನ್ನು ತೋರಿಸಿತು. ರಾಮಾಯಣ ಬಲ್ಲ ಅಜ್ಜಿಯು ನಕ್ಕಳು. ನಾವು ಗ್ರಂಥಭಾಷೆಯಲ್ಲಿ ಕೇಳಿದರೆ ಅದೇ ಯಂತ್ರವು ತಕ್ಕಮಟ್ಟಿಗೆ ಉತ್ತರಿಸಿತು. ತಾತ್ಪರ್ಯವಿಷ್ಟೇ: ಫೋನನ್ನು ಯಾರು ಬಳಸುವರೋ ಅವರನ್ನೇ ಅಂಗಡಿಗೆ ಕರೆದೊಯ್ದು, ಅವರ ಮಾತಿನಲ್ಲಿಯೇ ಅವರಿಂದಲೇ ಮಾತಾಡಿಸಬೇಕು. ಮಗನು ಪರೀಕ್ಷಿಸಿ ತಾಯಿಗೆ ತಂದ ಫೋನು ಮಗನದೇ ಆಗಿ ಉಳಿಯುವದನ್ನು ನಾವು ಎಷ್ಟೋ ಮನೆಗಳಲ್ಲಿ ನೋಡಿದ್ದೇವೆ.

ಬಾಳಿಕೆಯ ವಿಷಯದಲ್ಲಿ ಗಾಜಿಗಿಂತ ಮೊದಲು ಹಳತಾಗುವದು ಒಳಗಿನ ವ್ಯವಸ್ಥೆ. 2021ರ ಆ ಫೋನಿನ ತಳಹದಿಯು ಆಂಡ್ರಾಯ್ಡ್ 11; ಅದಕ್ಕೆ ಗೂಗಲ್ಲು ಪ್ರಕಟಿಸುತ್ತಿದ್ದ ರಕ್ಷಣೆಯ ದುರಸ್ತಿಗಳು 2024ರ ಆದಿಭಾಗದಲ್ಲಿ ನಿಂತುಹೋದವು. ದುರಸ್ತಿ ನಿಂತ ಯಂತ್ರದಲ್ಲಿ ಹಾಡು ಕೇಳಬಹುದು, ಪಾಠ ನೋಡಬಹುದು. ಬ್ಯಾಂಕಿನ ವ್ಯವಹಾರವನ್ನು ಇಡತಕ್ಕದ್ದಲ್ಲ. ಆದುದರಿಂದ ಹಳೆಯ ದಾಸ್ತಾನನ್ನು ರಿಯಾಯಿತಿಯೆಂದು ಕೊಡಬಂದರೆ ಆವೃತ್ತಿಯ ಅಂಕಿಯನ್ನು ಮೊದಲು ಕೇಳಿರಿ.

ಹಾಗಾದರೆ ಕೊಳ್ಳಬೇಕೋ ಬಾರದೋ? ಬರಿಯ ಮಾತಿಗೆ ಫೋನು ಬೇಕಾದ ಹಿರಿಯರಿಗೆ ಗುಂಡಿಯ ಫೋನೇ ಲೇಸು. 2022ರ ಮಾರ್ಚಿನಿಂದ ಅಂಥ ಫೋನಿನಿಂದಲೂ ಯುಪಿಐ ಮೂಲಕ ಹಣ ಕಳಿಸುವ ವ್ಯವಸ್ಥೆಯಿದೆ. ಓದುವ ಮಕ್ಕಳಿರುವ ಮನೆಗೆ 2 ಜಿಬಿಯ ಯಂತ್ರವನ್ನು ನಾವು ಹೇಳಲಾರೆವು. ಕಬ್ಬಿನ ಇನ್ನೊಂದು ಬಿಲ್ಲಿನವರೆಗೆ ತಡೆದು, ಅದಕ್ಕೆ ಇಮ್ಮಡಿ ಕೆಲಸದ ನೆನಪುಳ್ಳದ್ದನ್ನು ಕೊಳ್ಳುವದು ಮೇಲು. ನಡುವಿನವರಿಗೆ, ಅಂದರೆ ಸಂದೇಶ ನೋಡುವದು, ಮೊಮ್ಮಕ್ಕಳ ಮುಖ ಕಾಣುವದು, ಸಂತೆಯ ಧಾರಣೆ ಕೇಳುವದು ಇಷ್ಟೇ ಇರುವವರಿಗೆ, ಸೋವಿ ಆಂಡ್ರಾಯ್ಡು ಸಾಕು. ಯಾರಿಗೇ ಕೊಂಡರೂ ಸಿಮ್ಮು ಬಳಸುವವರ ಸ್ವಂತ ಹೆಸರಿನಲ್ಲಿರಲಿ. ಗೃಹಲಕ್ಷ್ಮಿಯ ಹಣವು ಯಜಮಾನಿತಿಯ ಹೆಸರಿನಲ್ಲಿಯೂ ನಂಬರು ಅಳಿಯನ ಹೆಸರಿನಲ್ಲಿಯೂ ಇರಬಾರದು. ಅವಧಿ ತೀರುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅದರ ಪಕ್ಕದಲ್ಲಿಯೇ ಮೋಸದ ದೂರಿಗಾಗಿ ಇರುವ 1930 ಎಂಬ ಅಂಕಿಯನ್ನು ದೊಡ್ಡದಾಗಿ ಬರೆದಿಡಿರಿ.