ಅತಿ ದೊಡ್ಡದು, ಆದರೆ ಅತಿ ಕಷ್ಟದ್ದಲ್ಲ

2ರ 13,62,79,841ನೇ ಘಾತದಿಂದ 1 ಕಳೆದರೆ 4,10,24,320 ಅಂಕಿಗಳ ಸಂಖ್ಯೆಯೊಂದು ಬರುತ್ತದೆ. ಅದು ಅವಿಭಾಜ್ಯವೆಂದು 2024ರ ಅಕ್ಟೋಬರಿನಲ್ಲಿ ಸಾಬೀತಾಯಿತು. ಅಷ್ಟು ದೊಡ್ಡ ಅವಿಭಾಜ್ಯ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಇದನ್ನು ಯಾವ ಸಂಖ್ಯೆಯೂ ಭಾಗಿಸದು ಎಂದು ಭಾಗಿಸಿ ನೋಡಿದವರು ಯಾರು? ಯಾರೂ ಇಲ್ಲ. ಹಾಗೆ ನೋಡಲು ಹೊರಟರೆ ವಿಶ್ವದ ಆಯುಸ್ಸೂ ಸಾಲದು. ಈ ಸಂಖ್ಯೆ ನಮ್ಮ ಕೈಗೆ ಸಿಕ್ಕಿದ್ದು ಅದರ ಆಕಾರ ಪರೀಕ್ಷೆಗೆ ಸಲೀಸಾಗಿ ಒಗ್ಗುವುದರಿಂದ.

2ರ ಘಾತಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಗಳಲ್ಲಿ ಅವಿಭಾಜ್ಯಗಳು ಯಾವುವೆಂದು ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲೇ ಪಟ್ಟಿ ಕೊಟ್ಟಿದ್ದ. ಅದರಲ್ಲಿ 67ನೇ ಘಾತದ್ದೂ ಇತ್ತು. ಅದು ತಪ್ಪೆಂದು 1876ರಲ್ಲಿ ಗಣಿತಜ್ಞ ಲ್ಯೂಕಾ ತೋರಿಸಿದ, ಒಂದೇ ಒಂದು ಅಪವರ್ತನವನ್ನೂ ಹೇಳದೆ! 193707721 ಮತ್ತು 761838257287 ಎಂಬ ಅಪವರ್ತನಗಳನ್ನು ಕೋಲ್ ಮುಂದಿಟ್ಟದ್ದು 1903ರಲ್ಲಿ. ಲ್ಯೂಕಾನ ವಿಧಾನವನ್ನು ಆಮೇಲೆ ಲೆಹ್ಮರ್ ಅಚ್ಚುಕಟ್ಟು ಮಾಡಿದ. 4ರಿಂದ ಶುರುಮಾಡಿ, ವರ್ಗ ಮಾಡಿ 2 ಕಳೆಯುವುದು, ಪರೀಕ್ಷೆಗಿಟ್ಟ ಸಂಖ್ಯೆಯಿಂದ ಭಾಗಿಸಿದಾಗಿನ ಶೇಷವನ್ನಷ್ಟೇ ಇಟ್ಟುಕೊಂಡು ಮತ್ತೆ ಅದನ್ನೇ ಮಾಡುವುದು. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಮಾಡಿದ ಮೇಲೆ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಇಲ್ಲವಾದರೆ ಅಲ್ಲ. 2ರ ಐದನೇ ಘಾತದಿಂದ ಬರುವ 31ಕ್ಕೆ ಮೂರು ಸಲ ಸಾಕು. ಮೊದಲು 14, ಆಮೇಲೆ 194. ದ್ವಿಮಾನ ಪದ್ಧತಿಯಲ್ಲಿ 194 ಎಂದರೆ 11000010. ಬಲಗಡೆಯ ಐದು ಅಂಕಿ ಕತ್ತರಿಸಿದರೆ 00010, ಅಂದರೆ 2. ಎಡಕ್ಕೆ ಉಳಿದ 110 ಎಂದರೆ 6. ಕೂಡಿದರೆ 8, ಅದೇ ಶೇಷ. ಭಾಗಾಕಾರದ ಗೋಜೇ ಇಲ್ಲ, ಏಕೆಂದರೆ 31 ದ್ವಿಮಾನದಲ್ಲಿ ಬರೀ ಒಂದುಗಳ ಸಾಲು. 8ರ ವರ್ಗದಿಂದ 2 ಕಳೆದರೆ 62. 31ರ ಎರಡರಷ್ಟು, ಶೇಷ ಸೊನ್ನೆ. ನಾಲ್ಕು ಕೋಟಿ ಅಂಕಿಯ ಸಂಖ್ಯೆಗೂ ಇದೇ ಕತ್ತರಿಸಿ ಕೂಡುವ ಉಪಾಯ.

ಹದಿಮೂರು ಕೋಟಿಗೂ ಮೀರಿದ ಹೆಜ್ಜೆಗಳಲ್ಲಿ ಕಂಪ್ಯೂಟರ್ ಎಡವದೆಂದು ನಂಬುವುದು ಹೇಗೆ? ಎಡವುತ್ತದೆ, ಇಂಥ ಲೆಕ್ಕ ಹಾಕುವ ತಂತ್ರಾಂಶವೇ 2016ರಲ್ಲಿ ಇಂಟೆಲ್‌ನ ಸ್ಕೈಲೇಕ್ ಚಿಪ್ಪಿನ ದೋಷವನ್ನು ಬಯಲಿಗೆ ತಂದಿತ್ತು. ಯಾವುದೋ ಒಂದು ಅಂಕಿ ಕೆಟ್ಟರೆ ಕೊನೆಯ ಶೇಷ ಆಕಸ್ಮಿಕವಾಗಿ ಸೊನ್ನೆಗೇ ಬಂದು ನಿಲ್ಲುವುದು ಅಸಾಧ್ಯವೆನ್ನುವಷ್ಟು ಅಪರೂಪ. ಆದರೆ ತಂತ್ರಾಂಶದಲ್ಲೇ ದೋಷವಿದ್ದರೆ ಸುಳ್ಳು ಸೊನ್ನೆ ಬರಬಹುದು. ಆದ್ದರಿಂದಲೇ ಇದು ಅವಿಭಾಜ್ಯವಿರಬಹುದೆಂದು ಡಬ್ಲಿನ್‌ನ ಗ್ರಾಫಿಕ್ಸ್ ಚಿಪ್ಪು ಅಕ್ಟೋಬರ್ 11ರಂದು ಕೊಟ್ಟ ಸುಳಿವನ್ನು ಮರುದಿನ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದ ಇನ್ನೊಂದು ಚಿಪ್ಪು ಲ್ಯೂಕಾ ವಿಧಾನದಿಂದ ದೃಢಪಡಿಸಿತು; ಬೇರೆ ಬೇರೆ ಯಂತ್ರ, ತಂತ್ರಾಂಶಗಳಲ್ಲಿ ಮತ್ತೆ ಪರೀಕ್ಷೆ ನಡೆಯಿತು. ಉಪಯೋಗವೇನೆಂದು ಕೇಳುವವರಿಗೆ, ಬ್ಯಾಂಕಿನ ಗೂಢಲಿಪಿಗೆ ಸುಮಾರು ಮುನ್ನೂರು ಅಂಕಿಯ ಗುಟ್ಟಿನ ಅವಿಭಾಜ್ಯಗಳು ಸಾಕು; ಜಗಜ್ಜಾಹೀರಾದ ಇದು ಅಲ್ಲಿ ನಿಷ್ಪ್ರಯೋಜಕ.

ಆಕಾರದಿಂದಲೇ ಈ ಸಂಖ್ಯೆ ಸಿಕ್ಕಿತೆಂಬ ಮಾತಿಗೆ ಬರುವ ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಯಾವ ಸಂಖ್ಯೆಯನ್ನಾದರೂ ಮಿತವಾದ ಹೆಜ್ಜೆಗಳಲ್ಲಿ ಪರೀಕ್ಷಿಸಬಹುದೆಂದು ಕಾನ್ಪುರ ಐಐಟಿಯ ಅಗ್ರವಾಲ್, ಕಯಾಲ್, ಸಕ್ಸೇನಾ 2002ರಲ್ಲಿ ತೋರಿಸಲಿಲ್ಲವೇ? ತೋರಿಸಿದರು, ಸಿದ್ಧಾಂತದ ಮಟ್ಟಿಗೆ ಅದು ದೊಡ್ಡ ಗೆಲುವೇ. ಆದರೆ ಆ ಹೆಜ್ಜೆಗಳು ಅಂಕಿಗಳ ಜೊತೆ ಬೆಳೆಯುವ ವೇಗಕ್ಕೆ ಯಾವ ಯಂತ್ರವೂ ಸಾಟಿಯಲ್ಲ. ವಿಶೇಷ ಆಕಾರವಿಲ್ಲದ ಸಂಖ್ಯೆಗಳಿಗೆ ಬಳಕೆಯಲ್ಲಿರುವ ಬೇರೆ ವಿಧಾನಗಳೂ ಲಕ್ಷ ಅಂಕಿಯ ಆಸುಪಾಸಿನಲ್ಲೇ ಏದುಸಿರು ಬಿಡುತ್ತವೆ. ನಮ್ಮ ಈ ದೈತ್ಯನ ನೆರೆಹೊರೆಯಲ್ಲಿ ಸರಾಸರಿ ಒಂಬತ್ತೂವರೆ ಕೋಟಿ ಸಂಖ್ಯೆಗಳಿಗೊಂದರಂತೆ ಅವಿಭಾಜ್ಯಗಳಿರಬೇಕು. ಅಂಥ ಮಾಮೂಲಿ ಅವಿಭಾಜ್ಯವೊಂದನ್ನು ಇದೇ ಎಂದು ಬೊಟ್ಟು ಮಾಡಿ ಸಾಬೀತುಪಡಿಸಲು ಇಂದಿನ ಯಂತ್ರಗಳಿಗೆ ಆಗದು.