ಕ್ಯಾಮೆರಾಗಳು ಹೋದವು, ಲೆನ್ಸ್ ಉಳಿಯಿತು

ಜಪಾನಿನ ಟ್ಯಾಮ್ರಾನ್ ಕಂಪನಿ 1979ರಲ್ಲಿ ಹೊರತಂದ 90 ಎಂಎಂ ಎಫ್/2.5 ಲೆನ್ಸ್ ಇವತ್ತಿನ ಮಿರರ್‌ಲೆಸ್ ಕ್ಯಾಮೆರಾದ ಮೇಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಅದಾದ ಎಷ್ಟೋ ವರ್ಷಗಳ ಮೇಲೆ, 1990ರ ದಶಕದಲ್ಲಿ, ಕ್ಯಾನನ್ ಇಒಎಸ್ ಕ್ಯಾಮೆರಾಗಳಿಗೆಂದೇ ಸಿಗ್ಮಾ ತಯಾರಿಸಿದ ಹಲವು ಆಟೊಫೋಕಸ್ ಲೆನ್ಸ್‌ಗಳು ಕ್ಯಾನನ್‌ನ ಡಿಜಿಟಲ್ ಬಾಡಿಗಳಲ್ಲಿ ಎರರ್ ತೋರಿಸಿ ನಿಂತುಬಿಡುತ್ತವೆ. ಗಾಜಿನ ಗುಣಮಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾರಣ ಇರುವುದು ಲೆನ್ಸ್ ಕ್ಯಾಮೆರಾಕ್ಕೆ ಕೂಡುವ ಬಗೆಯಲ್ಲಿ.

ಲೆನ್ಸ್ ಕೂರುವ ಲೋಹದ ಬಳೆಗೂ ಫಿಲ್ಮ್‌ಗೂ ನಡುವೆ ಇಂತಿಷ್ಟೇ ಅಂತರ ಇರಬೇಕು. ಈ ಅಂತರ ತುಸು ಹೆಚ್ಚಾದರೂ ದೂರದ ಬೆಟ್ಟ ಫೋಕಸ್ ಆಗದು. ನಿಕಾನ್ ಎಫ್‌ಗೆ ಅದು 46.5 ಎಂಎಂ, ಎಂ42 ತಿರುಪಿನ ಪೆಂಟಾಕ್ಸ್, ಪ್ರಾಕ್ಟಿಕಾಗಳಿಗೆ 45.46, ಕ್ಯಾನನ್ ಎಫ್‌ಡಿಗೆ 42. ಕಂಪನಿಗೊಂದು ಅಳತೆ, ಕಂಪನಿಗೊಂದು ಕೊಂಡಿ. ಸ್ವಂತ ಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಇಲ್ಲದೆ ಎಲ್ಲರ ಕ್ಯಾಮೆರಾಗಳಿಗೂ ಲೆನ್ಸ್ ಮಾರಬೇಕಿದ್ದ ಥರ್ಡ್ ಪಾರ್ಟಿ ಕಂಪನಿಗಳಿಗೆ ಇದೇ ದೊಡ್ಡ ತಲೆನೋವು.

1957ರಲ್ಲಿ ಟ್ಯಾಮ್ರಾನ್ ಕಂಡುಕೊಂಡ ಪರಿಹಾರದ ಹೆಸರು ಟಿ-ಮೌಂಟ್. ಆಗ ಕಂಪನಿಯ ಹೆಸರು ತೈಸೆಯ್ ಆಪ್ಟಿಕಲ್. ಅದರ ಲೆನ್ಸ್‌ಗಳನ್ನು ರೂಪಿಸಿದ ತಮುರಾ ಅವರ ಹೆಸರಿನಿಂದಲೇ ಟ್ಯಾಮ್ರಾನ್ ಎಂಬುದು ಬಂತು. ಟಿ-ಮೌಂಟ್‌ನಲ್ಲಿ ಅಂತರವನ್ನು ಬೇಕೆಂದೇ 55 ಎಂಎಂ ಇಟ್ಟರು. ಎಸ್‌ಎಲ್‌ಆರ್‌ಗಳ ಅಳತೆಗಿಂತ ಅದು ಹೆಚ್ಚಾದ್ದರಿಂದ ಮಿಕ್ಕ ಜಾಗವನ್ನು ಒಂದೊಂದು ಬಾಡಿಗೆ ಒಂದೊಂದು ರಿಂಗ್ ಹಾಕಿ ತುಂಬಿಸಬಹುದಿತ್ತು. ಎಷ್ಟು ಸರಳ, ಎಷ್ಟು ಜಾಣತನದ ಲೆಕ್ಕ! ಟೆಲಿಸ್ಕೋಪಿಗೆ ಕ್ಯಾಮೆರಾ ಜೋಡಿಸುವವರು ಈಗಲೂ ಟಿ-ರಿಂಗ್ ಬಳಸುತ್ತಾರೆ. ಕೊರತೆಯೊಂದಿತ್ತು: ಕ್ಲಿಕ್ಕಿಸುವ ಗಳಿಗೆಯಲ್ಲಿ ಅಪರ್ಚರ್ ತಾನಾಗಿ ಕಿರಿದಾಗುವ ಜೋಡಣೆ ಇದರಲ್ಲಿರಲಿಲ್ಲ. 1973ರ ಅಡಾಪ್ಟಾಲ್‌ನಲ್ಲಿ ಅದೂ ರಿಂಗ್‌ನೊಳಗೆ ಇತ್ತು. 1979ರಲ್ಲಿ ಅಡಾಪ್ಟಾಲ್-2 ಬಂತು. ಆ 90 ಎಂಎಂ ಲೆನ್ಸ್ ಇದೇ ಸಾಲಿನದು.

1987ರಲ್ಲಿ ಕ್ಯಾನನ್ ಇಒಎಸ್ ಬಂದಾಗ ಆಟವೇ ಬದಲಾಯಿತು. ಬಾಡಿಗೂ ಲೆನ್ಸ್‌ಗೂ ನಡುವೆ ಸನ್ನೆಯಿಲ್ಲ, ಕೀಲಿಯಿಲ್ಲ. ಫೋಕಸ್, ಅಪರ್ಚರ್ ಎರಡಕ್ಕೂ ವಿದ್ಯುತ್ ಸಂಕೇತವೇ ಆಜ್ಞೆ. ಹೊರಗಿನ ಕಂಪನಿಗಳು ಆ ಸಂಕೇತಗಳನ್ನು ತಾವೇ ಬಿಡಿಸಿಕೊಂಡು ಅರ್ಥ ಮಾಡಿಕೊಳ್ಳಬೇಕಾಯಿತು. ಮುಂದಿನ ಬಾಡಿಗಳು ಬೇರೆ ಬಗೆಯಲ್ಲಿ ಮಾತಾಡತೊಡಗಿದಾಗ ಸಿಗ್ಮಾದ ಹಳೆಯ ಲೆನ್ಸ್‌ಗಳು ತಬ್ಬಿಬ್ಬಾದವು. ಅಪರ್ಚರ್ ಪೂರ್ತಿ ತೆರೆದಿದ್ದರೆ ಚಿತ್ರ ಸಿಗುತ್ತದೆ, ಕಿರಿದು ಮಾಡಿದರೆ ಕ್ಯಾಮೆರಾ ಸ್ತಬ್ಧ. ಕಂಪನಿ ಕೆಲವು ಲೆನ್ಸ್‌ಗಳ ಚಿಪ್ ಬದಲಿಸಿಕೊಟ್ಟಿತು. ಎಲ್ಲಕ್ಕೂ ಆ ಭಾಗ್ಯ ಸಿಗಲಿಲ್ಲ.

ಇತ್ತ ಬರೀ ಹಿತ್ತಾಳೆ, ಅಲ್ಯೂಮಿನಿಯಂ, ಗಾಜಿನ ಹಳೆಯ ಲೆನ್ಸ್‌ಗಳಿಗೆ 2008ರಲ್ಲಿ ಅದೃಷ್ಟ ಖುಲಾಯಿಸಿತು. ಆ ವರ್ಷ ಪ್ಯಾನಸೋನಿಕ್‌ನ ಮಿರರ್‌ಲೆಸ್ ಕ್ಯಾಮೆರಾ ಜಿ1 ಬಂತು. ಕನ್ನಡಿ ಹೋಯಿತು, ಕನ್ನಡಿ ಎದ್ದು ಬೀಳಲು ಬೇಕಿದ್ದ ಜಾಗವೂ ಹೋಯಿತು. ಅಂತರ ಸುಮಾರು 20 ಎಂಎಂಗೆ ಇಳಿಯಿತು. ಸೋನಿ ಇ-ಮೌಂಟ್‌ನಲ್ಲಿ 18, 2018ರ ನಿಕಾನ್ ಝಡ್‌ನಲ್ಲಿ 16. ನಿಕಾನ್ ಎಫ್ ರಿಂಗ್ ಇರುವ ಅಡಾಪ್ಟಾಲ್ ಲೆನ್ಸನ್ನು ಸೋನಿಗೆ ಹಾಕಲು 28.5 ಎಂಎಂ ಉದ್ದದ ಟೊಳ್ಳು ಕೊಳವೆ ಸಾಕು, ನಡುವೆ ಗಾಜೇ ಬೇಡ. 1957ರ ಲೆಕ್ಕವೇ ಇದು; ಆಗ ಜಾಗ ಬಿಟ್ಟುಕೊಟ್ಟದ್ದು ಲೆನ್ಸ್, ಈಗ ಕ್ಯಾಮೆರಾ.

ಕೈಯಲ್ಲೇ ಫೋಕಸ್ ಮಾಡುವ ಕಷ್ಟವನ್ನೂ ಹೊಸ ಬಾಡಿಗಳು ತಗ್ಗಿಸಿವೆ. ಫೋಕಸ್ ಆದ ಅಂಚುಗಳು ಬಣ್ಣದಲ್ಲಿ ಮಿನುಗುತ್ತವೆ, ಬೇಕಾದ ಭಾಗವನ್ನು ಹಿಗ್ಗಿಸಿ ನೋಡಬಹುದು. ಬಾಡಿಯೊಳಗೇ ಸ್ಟೆಬಿಲೈಸೇಷನ್ ಇದ್ದರೆ ಮೆನುವಿನಲ್ಲಿ 90 ಎಂಎಂ ಎಂದು ನಮೂದಿಸಿದರಾಯಿತು, ಕೈನಡುಕವನ್ನು ಸೆನ್ಸರ್ ಸರಿದೂಗಿಸುತ್ತದೆ. ಈ ಲೆನ್ಸ್‌ಗೆ 1979ರಲ್ಲಿ ಈ ಅನುಕೂಲ ಇರಲಿಲ್ಲ. ಆದರೆ ಸೆನ್ಸರ್ ಫಿಲ್ಮ್‌ಗಿಂತ ಹೆಚ್ಚು ಹೊಳೆಯುತ್ತದೆ. ಬೆಳಕು ಅಲ್ಲಿಂದ ಚಿಮ್ಮಿ ಹಿಂಬದಿಯ ಗಾಜಿಗೆ ಬಡಿದು ಕೆಲವೊಮ್ಮೆ ಚಿತ್ರದ ನಡುವೆ ಮಸುಕು ಕಲೆ ಮೂಡಿಸುತ್ತದೆ. ಹುಡ್ ಹಾಕಿ, ಸೂರ್ಯನಿಗೆ ಎದುರಾಗದೆ ತೆಗೆದರೂ ಇದು ಪೂರ್ತಿ ತಪ್ಪುವುದಿಲ್ಲ.

ಅಡಾಪ್ಟಾಲ್ ಲೆನ್ಸ್ ಕೊಳ್ಳುವವರು ಹಿಂಬದಿಯಲ್ಲಿ ರಿಂಗ್ ಇದೆಯೇ, ಅದು ಯಾವ ಕ್ಯಾಮೆರಾದ್ದು ಎಂಬುದನ್ನು ಮೊದಲು ನೋಡಬೇಕು. ಕೊಳವೆ ಆರಿಸಬೇಕಾದದ್ದು ಆ ರಿಂಗ್‌ಗೆ ತಕ್ಕಂತೆ. ಅಪರ್ಚರ್ ತೆರೆದಿಟ್ಟು ಒಂದು ಬದಿಯಿಂದ ಟಾರ್ಚ್ ಬಿಟ್ಟು ನೋಡಿ. ಮಲೆನಾಡು, ಕರಾವಳಿಯ ತೇವದಲ್ಲಿ ಬೀರುವಿನೊಳಗೆ ವರ್ಷಗಟ್ಟಲೆ ಇದ್ದ ಲೆನ್ಸ್‌ಗಳಲ್ಲಿ ಫಂಗಸ್ ಎಳೆಎಳೆಯಾಗಿ ಕಾಣುತ್ತದೆ. ಒಳಗಿನ ಕೋಟಿಂಗನ್ನು ಅದು ತಿಂದಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಕೊಳ್ಳಬೇಡಿ.