ಪೆನ್ಸಿಲ್ ಗೀಚಿ ವೋಲ್ಟೇಜ್ ಹಿಡಿದವರು

2006ರ ಜುಲೈಯಲ್ಲಿ ಇಂಟೆಲ್ ಕಂಪನಿ ಕೋರ್ 2 ಡ್ಯುಯೊ ಪ್ರೊಸೆಸರುಗಳನ್ನು ಬಿಡುಗಡೆ ಮಾಡಿದಾಗ ಓವರ್‌ಕ್ಲಾಕಿಂಗ್, ಅಂದರೆ ಚಿಪ್ಪನ್ನು ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವ ಹುಚ್ಚಿನವರ ಕಣ್ಣು ಬಿದ್ದದ್ದು ದುಬಾರಿ ಚಿಪ್ಪಿನ ಮೇಲಲ್ಲ, 183 ಡಾಲರಿನ ಇ6300 ಮೇಲೆ. ಅದರ ಅಧಿಕೃತ ವೇಗ 1.86 ಗಿಗಾಹರ್ಟ್ಸ್. ಮದರ್‌ಬೋರ್ಡಿನ ಬಸ್ ವೇಗವಾದ 266 ಮೆಗಾಹರ್ಟ್ಸನ್ನು ಚಿಪ್ಪು ಏಳರಿಂದ ಗುಣಿಸಿಕೊಂಡರೆ ಬರುವ ಲೆಕ್ಕ ಅದು. ಏಳನ್ನು ಎಂಟು ಮಾಡಲು ಇಂಟೆಲ್ ಬಿಡುತ್ತಿರಲಿಲ್ಲ. ಆದರೆ 266ಕ್ಕೆ ಬೀಗ ಇರಲಿಲ್ಲ. ಅದನ್ನು 400ಕ್ಕೆ ಏರಿಸಿದರೆ 2.8 ಗಿಗಾಹರ್ಟ್ಸ್! ಕ್ಯಾಶ್ ಅರ್ಧವೇ ಇದ್ದರೂ, 999 ಡಾಲರಿನ ಎಕ್ಸ್6800 ಓಡುತ್ತಿದ್ದ 2.93 ಗಿಗಾಹರ್ಟ್ಸಿಗೆ ಅದು ತೀರಾ ಹತ್ತಿರ.

ತೊಡಕು ಶುರುವಾಗುತ್ತಿದ್ದದ್ದು ಆಮೇಲೆ. ವಿಂಡೋಸ್ ತೆರೆದುಕೊಳ್ಳುತ್ತದೆ, ಬ್ರೌಸರ್ ಓಡುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಪ್ರೈಮ್95 ಹಚ್ಚಿದೊಡನೆ ನೀಲಿ ಪರದೆ. ಮೂಲತಃ ಭಾರೀ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಬರೆದ ತಂತ್ರಾಂಶ ಇದು. ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಪ್ರೊಸೆಸರಿನಿಂದ ಮತ್ತೆ ಮತ್ತೆ ಮಾಡಿಸಿ ತಾಳೆ ನೋಡುವ ಸೌಲಭ್ಯವೂ ಇದರಲ್ಲಿದೆ. ಚಿಪ್ಪಿನ ಸೋಗು ಇದರ ಮುಂದೆ ನಡೆಯುವುದಿಲ್ಲ.

ವೇಗ ಹೆಚ್ಚಿದಷ್ಟೂ ಟ್ರಾನ್ಸಿಸ್ಟರಿಗೆ ಸಿಗುವ ಸಮಯ ಕಡಿಮೆ. ಮುಂದಿನ ಗಡಿಯಾರದ ಬಡಿತ ಬೀಳುವುದರೊಳಗೆ ಸಂಕೇತ ತಲುಪದಿದ್ದರೆ ಒಂದು ಸೊನ್ನೆಯಾಗಿ ಓದಿಕೊಳ್ಳುತ್ತದೆ, ಲೆಕ್ಕ ತಪ್ಪುತ್ತದೆ. ವೋಲ್ಟೇಜ್ ಸ್ವಲ್ಪ ಏರಿಸಿದರೆ ಟ್ರಾನ್ಸಿಸ್ಟರು ಚುರುಕಾಗುತ್ತದೆ. ಬಯೋಸ್‌ನಲ್ಲಿ ಏರಿಸಿದ್ದೂ ಆಯಿತು ಎನ್ನಿ, ಆದರೂ ಯಂತ್ರ ಬೀಳುವುದೇಕೆ? ಪಂಪ್‌ಸೆಟ್ ಚಾಲೂ ಆದೊಡನೆ ಮನೆಯ ಬಲ್ಬು ಮಂಕಾಗುವುದನ್ನು ನೋಡಿದವರಿಗೆ ಉತ್ತರ ಅರ್ಧ ಗೊತ್ತು. 1.3 ವೋಲ್ಟಿನಲ್ಲಿ 80 ವಾಟ್ ಎಳೆಯುವ ಚಿಪ್ಪಿಗೆ ಸುಮಾರು 60 ಆಂಪಿಯರ್ ವಿದ್ಯುತ್ ಹರಿಯಬೇಕು. ದಾರಿಯಲ್ಲಿ ಒಂದೇ ಒಂದು ಮಿಲಿಓಮ್ ತಡೆ ಇದ್ದರೂ 0.06 ವೋಲ್ಟ್ ಕುಸಿಯುತ್ತದೆ. ಕೆಲಸವಿಲ್ಲದಾಗ ಇರುವ ವೋಲ್ಟೇಜ್, ಕೆಲಸ ಮೈಮೇಲೆ ಬಿದ್ದಾಗ ಇರುವುದಿಲ್ಲ. ಹವ್ಯಾಸಿಗಳ ಬಾಯಲ್ಲಿ ಇದು ‘ವಿ-ಡ್ರೂಪ್’.

ಪವರ್ ಸಪ್ಲೈಯಿಂದ ಬರುವ 12 ವೋಲ್ಟನ್ನು ಚಿಪ್ಪಿಗೆ ಹೊಂದುವಷ್ಟಕ್ಕೆ ಇಳಿಸುವುದು ಸಾಕೆಟ್ಟಿನ ಪಕ್ಕ ಸಾಲಾಗಿ ನಿಂತ ಮಾಸ್‌ಫೆಟ್, ಸುರುಳಿ, ಕೆಪಾಸಿಟರುಗಳ ಗುಂಪು. ಇವನ್ನೆಲ್ಲ ಆಳುವುದು ಒಂದು ಪುಟ್ಟ ಕಂಟ್ರೋಲರ್. ಹೊರಗೆ ಹೋಗುತ್ತಿರುವ ವೋಲ್ಟೇಜನ್ನು ಅದು ರೆಸಿಸ್ಟರುಗಳ ಮೂಲಕ ಸದಾ ಅಳೆಯುತ್ತ, ಕಡಿಮೆ ಕಂಡರೆ ಏರಿಸುತ್ತ, ಹೆಚ್ಚು ಕಂಡರೆ ಇಳಿಸುತ್ತ ಕೂತಿರುತ್ತದೆ. ಭಾರ ಬಿದ್ದಾಗ ಎಷ್ಟು ಕುಸಿಯಲು ಬಿಡಬೇಕೆಂಬುದೂ ಹತ್ತಿರದ ಇನ್ನೊಂದು ರೆಸಿಸ್ಟರಿನಿಂದಲೇ ನಿಗದಿಯಾಗಿರುತ್ತದೆ. ಅಂದರೆ ಆ ರೆಸಿಸ್ಟರಿನ ಬೆಲೆ ಬದಲಾದರೆ ಕಂಟ್ರೋಲರ್ ಮೋಸಹೋಗುತ್ತದೆ.

ಮೋಸಮಾಡಲು ಸಾಕಾದದ್ದು ಒಂದು ಮೆತ್ತನೆಯ ಪೆನ್ಸಿಲ್. ಈ ರೆಸಿಸ್ಟರುಗಳ ಒಂದು ಸಾಮಾನ್ಯ ಅಳತೆ 1.6 ಮಿ.ಮೀ. ಉದ್ದ, 0.8 ಮಿ.ಮೀ. ಅಗಲ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಮಲ್ಟಿಮೀಟರಿನಿಂದ ಓಮ್ ಅಳೆದುಕೊಂಡು, ಅದರ ಎರಡು ತುದಿಗಳ ನಡುವೆ ಗೀಚುತ್ತಾರೆ. ಗ್ರಾಫೈಟ್ ವಿದ್ಯುತ್ತಿಗೆ ಪಕ್ಕದ ದಾರಿ ಮಾಡಿಕೊಡುವುದರಿಂದ ಒಟ್ಟು ತಡೆ ಇಳಿಯುತ್ತದೆ. ನಾಲ್ಕು ಗೆರೆ, ಮತ್ತೆ ಅಳತೆ. ಇನ್ನೆರಡು ಗೆರೆ, ಮತ್ತೆ ಅಳತೆ. ಜಾಸ್ತಿಯಾಯಿತೋ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರಾಯಿತು. ಆಸುಸ್ ಪಿ5ಬಿ ಡೀಲಕ್ಸ್‌ನಂಥ ಬೋರ್ಡುಗಳಲ್ಲಿ ಈ ಪೆನ್ಸಿಲ್ ವಿದ್ಯೆ ಮನೆಮಾತಾಗಿತ್ತು. ಗ್ರಾಫೈಟ್ ದಿನ ಕಳೆದಂತೆ ಉದುರುವುದುಂಟು. ಆ ಕಾಟ ಬೇಡವೆಂದವರು ಹಲವು ಸುತ್ತು ತಿರುಗುವ ವೇರಿಯಬಲ್ ರೆಸಿಸ್ಟರನ್ನು ಬೆಸುಗೆ ಹಾಕುತ್ತಿದ್ದರು. ಮೊದಲು ಅದನ್ನು ಗರಿಷ್ಠ ಓಮ್‌ಗೆ ತಿರುಗಿಸಿಟ್ಟು, ಆಮೇಲೆ ಮೆಲ್ಲಗೆ ಇಳಿಸಬೇಕು. ಉಲ್ಟಾ ಮಾಡಿದವರ ಪ್ರೊಸೆಸರ್ ಕ್ಷಣದಲ್ಲಿ ಖಲಾಸ್. ವಾರಂಟಿಯ ಮಾತಂತೂ ಕೇಳುವುದೇ ಬೇಡ.

ಇಂಥ ಕಿತಾಪತಿಗೆ ಹಿಂದಿನ ಚರಿತ್ರೆಯೂ ಇದೆ. 1998ರ ಸೆಲೆರಾನ್ 300ಎ ಚಿಪ್ಪಿನ ಬಿ21 ಪಿನ್ನಿಗೆ ಟೇಪು ಅಂಟಿಸಿದರೆ ಬಸ್ 66ರಿಂದ 100ಕ್ಕೆ ಜಿಗಿದು 300 ಮೆಗಾಹರ್ಟ್ಸಿನ ಚಿಪ್ಪು 450ರಲ್ಲಿ ಓಡುತ್ತಿತ್ತು. ತನಗೆಷ್ಟು ವೋಲ್ಟ್ ಬೇಕೆಂದು ಬೋರ್ಡಿಗೆ ತಿಳಿಸುವ ಪಿನ್ನುಗಳನ್ನೂ ಕೆಲವರು ಹೀಗೆಯೇ ಮುಚ್ಚಿ ಹೆಚ್ಚು ವೋಲ್ಟ್ ಗಿಟ್ಟಿಸುತ್ತಿದ್ದರು.

ಆದರೆ ಡ್ರೂಪ್ ತಯಾರಕರ ಜಿಪುಣತನವಲ್ಲ, ಬೇಕೆಂದೇ ಇಟ್ಟದ್ದು. ಹವ್ಯಾಸಿಗಳು ಹೆಚ್ಚಾಗಿ ಮರೆಯುತ್ತಿದ್ದ ಸಂಗತಿಯೇ ಇದು. ಭಾರ ಹಠಾತ್ತನೆ ಇಳಿದಾಗ ಸುರುಳಿಗಳಲ್ಲಿ ಹರಿಯುತ್ತಿದ್ದ ವಿದ್ಯುತ್ ಥಟ್ಟನೆ ನಿಲ್ಲಲಾರದು. ಮೈಕ್ರೋಸೆಕೆಂಡುಗಳ ಮಟ್ಟಿಗೆ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ. ಮೊದಲೇ ಸ್ವಲ್ಪ ಕುಸಿದಿದ್ದರೆ ಆ ಚಿಮ್ಮು ಮಿತಿಯೊಳಗೇ ಉಳಿಯುತ್ತದೆ. ಡ್ರೂಪ್ ಪೂರ್ತಿ ಅಳಿಸಿದವರ ಬೋರ್ಡಿನಲ್ಲಿ ಅದು ಮಿತಿ ದಾಟುತ್ತದೆ, ಮಲ್ಟಿಮೀಟರ್ ಅದನ್ನು ಹಿಡಿಯುವಷ್ಟು ಚುರುಕಿಲ್ಲ. ಶಾಖದ ಲೆಕ್ಕ ಬೇರೆ. ಚಿಪ್ಪು ನುಂಗುವ ವಿದ್ಯುತ್ ವೇಗಕ್ಕೆ ತಕ್ಕಂತೆ, ಆದರೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 1.30ನ್ನು 1.45 ಮಾಡಿ ವೇಗವನ್ನು ಶೇ. 20 ಹೆಚ್ಚಿಸಿದರೆ ಶಾಖ ಹೆಚ್ಚುಕಡಿಮೆ ಒಂದೂವರೆ ಪಟ್ಟು. 2002ರ ನಾರ್ತ್‌ವುಡ್ ಪೆಂಟಿಯಮ್ 4 ಚಿಪ್ಪುಗಳು 1.5 ವೋಲ್ಟಿನವು, 1.7 ದಾಟಿಸಿದವರ ಚಿಪ್ಪುಗಳು ಯಾವ ಮುನ್ಸೂಚನೆಯೂ ಇಲ್ಲದೆ ಸಾಯತೊಡಗಿ, ಆ ಸಾವಿಗೊಂದು ಹೆಸರೇ ಹುಟ್ಟಿಕೊಂಡಿತು: ‘ನಾರ್ತ್‌ವುಡ್ ಹಠಾತ್ ಮರಣ’.

ಪೆನ್ಸಿಲ್ಲಿನ ಕೆಲಸವನ್ನು ಮದರ್‌ಬೋರ್ಡ್ ಕಂಪನಿಗಳು ಆ ದಶಕ ಮುಗಿಯುವುದರೊಳಗೆ ‘ಲೋಡ್‌ಲೈನ್ ಕ್ಯಾಲಿಬ್ರೇಷನ್’ ಎಂಬ ಹೆಸರಿನಲ್ಲಿ ಬಯೋಸ್‌ಗೇ ಸೇರಿಸಿದವು. ಅಪಾಯ ಅದರೊಂದಿಗೆ ಹೋಗಲಿಲ್ಲ. 2023ರಲ್ಲಿ ರೈಜನ್ 7000 ಸಾಲಿನ ಕೆಲವು ಚಿಪ್ಪುಗಳು ಸಾಕೆಟ್ಟಿನಲ್ಲೇ ಸುಟ್ಟಾಗ ಎಎಂಡಿ, ಚಿಪ್ಪಿನ ಕೋರುಗಳಾಚೆಯ ಭಾಗಗಳಿಗೆ ಬೋರ್ಡುಗಳು ಕೊಡುವ ಎಸ್‌ಒಸಿ ವೋಲ್ಟೇಜಿಗೆ 1.3ರ ಮಿತಿ ಹಾಕಿತು. ಮರುವರ್ಷ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪುಗಳು ಅತಿ ವೋಲ್ಟೇಜಿನಿಂದ ಸವೆಯುತ್ತಿರುವುದು ಬಯಲಾಯಿತು. ಕಂಪನಿ ಚಿಪ್ಪು ಕೇಳಬಹುದಾದ ವೋಲ್ಟೇಜನ್ನು 1.55ಕ್ಕೆ ಕಟ್ಟಿಹಾಕಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು.

ಹವ್ಯಾಸದ ದಿಕ್ಕೂ ಈಗ ತಿರುಗಿದೆ. ರೈಜನ್ 5000 ಜೊತೆಗೆ ಬಂದ ಕರ್ವ್ ಆಪ್ಟಿಮೈಸರ್‌ನಲ್ಲಿ ಒಂದೊಂದು ಕೋರಿನ ವೋಲ್ಟೇಜನ್ನೂ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಶಾಖ ತಗ್ಗಿ ಜಾಗ ಸಿಕ್ಕರೆ ಚಿಪ್ಪು ತಾನಾಗಿಯೇ ವೇಗ ಏರಿಸಿಕೊಳ್ಳುತ್ತದೆ.